ಹುಬ್ಬಳ್ಳಿ–ಧಾರವಾಡ ರಸ್ತೆ: ಉದ್ದಕ್ಕೆ ಕಟ್ಟಿದ್ದು, ಅಡ್ಡಕ್ಕೆ ಮರೆತದ್ದು



ಧಾರವಾಡದ ದತ್ತಿ ಉಪನ್ಯಾಸಗಳೆಂದರೆ ಸಾಹಿತ್ಯ, ಸಂಗೀತ, ಶಾಸನ ಎನ್ನುವುದು ರೂಢಿ. ಈ ಸಲ ರಸ್ತೆಯ ಮೇಲೆ ಮಾತಾಡಲು ಸಿವಿಲ್ ಎಂಜಿನಿಯರಿಂಗ್ ಕಲಿಸಿದ ಒಬ್ಬ ಮಾಸ್ತರನನ್ನು ಕರೆದಿದ್ದೀರಿ. ಇದನ್ನು ನಾನು ದೊಡ್ಡ ಗೌರವವೆಂದು ಭಾವಿಸುತ್ತೇನೆ. ಈ ಸಭಾಂಗಣದಲ್ಲಿ ಕುಳಿತ ಬಹುತೇಕರ ಬದುಕಿನ ಒಂದು ಪಾಲು ಹುಬ್ಬಳ್ಳಿ–ಧಾರವಾಡದ ನಡುವಿನ ರಸ್ತೆಯ ಮೇಲೇ ಕಳೆದಿದೆ. ಕಾಲೇಜು, ಕಚೇರಿ, ಆಸ್ಪತ್ರೆ, ಮದುವೆ, ಮಣ್ಣು ಯಾವುದಕ್ಕೆ ಹೊರಟರೂ ಅದೇ ದಾರಿ. ಅಂಥ ದಾರಿಯ ಬಗ್ಗೆ ಗಂಟಲು ಏರಿಸಿ ಜಗಳಾಡುತ್ತೇವೆ, ಕುಳಿತು ವಿಚಾರ ಮಾಡುವುದು ಕಡಿಮೆ.

ನಾವು ಪಿ.ಬಿ. ರೋಡ್ ಎಂದು ಕರೆಯುವ ಇದು ಹಿಂದೆ ಪುಣೆ–ಬೆಂಗಳೂರು ಹೆದ್ದಾರಿಯಾಗಿ ಎರಡೂ ಊರುಗಳ ಹೊಟ್ಟೆಯೊಳಗೇ ಹಾಯುತ್ತಿತ್ತು. 1962ರಲ್ಲಿ ಎರಡೂ ಊರು ಸೇರಿ ಒಂದು ಮಹಾನಗರ ಪಾಲಿಕೆಯಾಯಿತು. ನಡುವೆ ಇದ್ದದ್ದು ಹೊಲ, ಹಳ್ಳ, ನವಲೂರಿನ ಪೇರಲ ತೋಟ. ಲಾರಿಗಳಿಗೆ ಬೈಪಾಸ್ ಬಂದ ಮೇಲೂ ಊರಿನ ಓಡಾಟ ಬೆಳೆಯುತ್ತಲೇ ಹೋಯಿತು. ಆಮೇಲೆ ಬಂದದ್ದು ಬಿಆರ್‌ಟಿಎಸ್. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥ, ನಡುವೆಯೇ ನಿಲ್ದಾಣ. ವಿಶ್ವಬ್ಯಾಂಕಿನ ನೆರವಿನ ಈ ಯೋಜನೆಗಾಗಿ ಸುಮಾರು 22 ಕಿ.ಮೀ. ರಸ್ತೆಯನ್ನು ಅಗಲ ಮಾಡಿದರು. ಊರೊಳಗೆ ಸುಮಾರು 35 ಮೀಟರ್, ಎರಡು ಊರುಗಳ ನಡುವಿನ ಭಾಗದಲ್ಲಿ 44 ಮೀಟರ್. 2018ರ ಅಕ್ಟೋಬರ್ 2ರಂದು ಬಸ್ಸುಗಳು ಪ್ರಾಯೋಗಿಕವಾಗಿ ಓಡತೊಡಗಿದವು. 2020ರ ಫೆಬ್ರವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ಅಧಿಕೃತವಾಗಿ ಉದ್ಘಾಟಿಸಿದರು. ಬಸ್ಸಿಗೆ ಚಿಗರಿ ಎಂದು ಹೆಸರಿಟ್ಟದ್ದು ನನಗೆ ಇವತ್ತಿಗೂ ಇಷ್ಟ. ನಮ್ಮ ಎರೆ ಸೀಮೆಯ ಮೃಗ ಅದು.

ಚಿಗರಿಯಿಂದ ಆದ ಉಪಕಾರವನ್ನು ಮೊದಲು ಹೇಳಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಉಣಕಲ್ ಕಡೆಯ ಪಥದಲ್ಲಿ ನೂರಾರು ಕಾರು, ಬೈಕು ನಿಂತಿರುವಾಗ ಪಕ್ಕದ ಪಥದಲ್ಲಿ ಒಂದು ಬಸ್ಸು ಎಪ್ಪತ್ತು ಜನರನ್ನು ಹೊತ್ತು ಸಲೀಸಾಗಿ ಹೋಗುತ್ತದೆ. ಆ ಎಪ್ಪತ್ತು ಜನ ಬೈಕು, ಕಾರುಗಳಲ್ಲಿ ಬಂದಿದ್ದರೆ ರಸ್ತೆಯ ಎಷ್ಟು ಉದ್ದ ಬೇಕಾಗುತ್ತಿತ್ತು ಎಂದು ಯೋಚಿಸಿ. ಬಸ್ಸಿನ ನೆಲದ ಎತ್ತರಕ್ಕೇ ನಿಲ್ದಾಣದ ಕಟ್ಟೆ ಇರುವುದರಿಂದ ಮೊಳಕಾಲು ನೋವಿನ ಅಜ್ಜಿಯೊಬ್ಬರು ಮೆಟ್ಟಿಲು ಹತ್ತದೆ ಒಳಗೆ ಕಾಲಿಡುತ್ತಾರೆ. ಈ ಪಥವನ್ನು ತೆಗೆದು ಎಲ್ಲ ವಾಹನಗಳಿಗೂ ಬಿಟ್ಟುಕೊಡಿ ಎಂಬ ಕೂಗು ನಮ್ಮಲ್ಲಿದೆ. ದಿಲ್ಲಿಯಲ್ಲಿ 2008ರಲ್ಲಿ ಶುರುವಾದ ಇಂಥದ್ದೇ ಪಥವನ್ನು 2016ರಲ್ಲಿ ಕಿತ್ತುಹಾಕಿದರು. ನಮ್ಮಲ್ಲಿ ಹಾಗೆ ಆಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಜನರ ಸಿಟ್ಟಿಗೆ ಕಾರಣಗಳಿವೆ, ಆದರೆ ಆ ಕಾರಣಗಳು ಬಸ್ಸಿನ ಪಥದಲ್ಲಿಲ್ಲ. ಅವು ಎಲ್ಲಿವೆ ಎಂದು ತೋರಿಸುವುದೇ ಇವತ್ತಿನ ನನ್ನ ಕೆಲಸ.

ರಸ್ತೆ ಕಟ್ಟುವವರು ಅದನ್ನು ಉದ್ದಕ್ಕೆ ನೋಡುತ್ತಾರೆ. ಇಲ್ಲಿಂದ ಅಲ್ಲಿಗೆ ಎಷ್ಟು ಕಿ.ಮೀ., ಎಷ್ಟು ನಿಮಿಷ, ಎಷ್ಟು ವಾಹನ. ಆದರೆ ನೀರು ರಸ್ತೆಯನ್ನು ಅಡ್ಡಕ್ಕೆ ದಾಟುತ್ತದೆ. ಮನುಷ್ಯರು ಅಡ್ಡಕ್ಕೆ ದಾಟುತ್ತಾರೆ. ನಳದ ಪೈಪು, ಒಳಚರಂಡಿ, ಕೇಬಲ್ ಎಲ್ಲವೂ ಅಡ್ಡಕ್ಕೇ ದಾಟುತ್ತವೆ. ನಮ್ಮ ರಸ್ತೆಯನ್ನು ಉದ್ದಕ್ಕೆ ಚೆನ್ನಾಗಿಯೇ ಕಟ್ಟಿದ್ದಾರೆ. ಅಡ್ಡಕ್ಕೆ ದಾಟುವ ಇವುಗಳ ಲೆಕ್ಕವನ್ನು ಕೊನೆಗೆ ಇಟ್ಟುಕೊಂಡದ್ದರಿಂದ ಎಲ್ಲ ತೊಂದರೆ ಹುಟ್ಟಿದೆ.

ನೀರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಇಲ್ಲಿ ಹೇಳುವುದು ಬಹಳ ಇದೆ.

ಧಾರವಾಡ ಒಂದು ದಿಬ್ಬದ ಊರು. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಶಾಲ್ಮಲೆ ಹಿಡಿದು, ಬೇಡ್ತಿಯಾಗಿ, ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಇನ್ನೊಂದು ಪಾಲು ಬೆಣ್ಣೆಹಳ್ಳದ ಕಡೆ ಹರಿದು, ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಂಥ ನೆಲದ ಮೇಲೆ ಎಳೆದ ರಸ್ತೆ ಏರುತ್ತ ಇಳಿಯುತ್ತ ಹೋಗುವುದು ಸಹಜ. ಪ್ರತಿ ಇಳಿತದ ತಳದಲ್ಲಿ ಹಿಂದೆ ಒಂದು ಸಣ್ಣ ಹಳ್ಳವೋ ಸರುವೋ ಇತ್ತು. ಅದರ ಮೇಲೆ ಹಳೆಯ ಕಾಲದವರು ಒಂದು ಅಡಿಸೇತುವೆ ಕಟ್ಟಿರುತ್ತಿದ್ದರು. ಆಗ ಸುತ್ತ ಹೊಲವಿತ್ತು. ಮಳೆ ಬಂದರೆ ಮಣ್ಣು ಅರ್ಧಕ್ಕಿಂತ ಹೆಚ್ಚು ಕುಡಿಯುತ್ತಿತ್ತು, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಬರುತ್ತಿತ್ತು.

ಈಗ ಒಂದು ಲೆಕ್ಕ ಹಾಕೋಣ. ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಲಿ. ರಸ್ತೆಯ ಒಂದು ಮಗ್ಗುಲಲ್ಲಿ 250 ಎಕರೆ, ಅಂದರೆ ಸುಮಾರು 100 ಹೆಕ್ಟೇರ್ ಇಳಿಜಾರು ಇದೆ ಎನ್ನಿ. ತಾಸಿಗೆ 50 ಮಿ.ಮೀ. ರಭಸದಲ್ಲಿ ಮಳೆ ಹೊಡೆಯುತ್ತಿದೆ. ಅದು ಹೊಲವಾಗಿದ್ದಾಗ ಬಿದ್ದ ನೀರಿನಲ್ಲಿ ಹತ್ತರಲ್ಲಿ ಮೂರು ಪಾಲು ಹರಿದು ಬರುತ್ತದೆ ಎಂದು ಹಿಡಿದರೆ, ತಳದಲ್ಲಿ ಸೆಕೆಂಡಿಗೆ ಸುಮಾರು 4,200 ಲೀಟರ್ ನೀರು. ಅದೇ ಜಾಗದಲ್ಲಿ ಬಡಾವಣೆ ಎದ್ದು, ಅಂಗಳಗಳಿಗೆ ಫರ್ಸಿ ಹಾಸಿ, ಗಲ್ಲಿಗಳಿಗೆ ಕಾಂಕ್ರೀಟ್ ಸುರಿದ ಮೇಲೆ ಹತ್ತರಲ್ಲಿ ಏಳು ಪಾಲು ಹರಿದು ಬರುತ್ತದೆ. ಆಗ ಸೆಕೆಂಡಿಗೆ 9,700 ಲೀಟರ್. ಮಳೆ ಹೆಚ್ಚಾಗಿಲ್ಲ, ಜಾಗ ಹೆಚ್ಚಾಗಿಲ್ಲ, ನೀರು ಮಾತ್ರ ಇಮ್ಮಡಿಗಿಂತ ಹೆಚ್ಚಾಯಿತು. ಅಷ್ಟೇ ಅಲ್ಲ, ಮೊದಲಿಗಿಂತ ಬೇಗ ಬಂತು. ಹಳೆಯ ಅಡಿಸೇತುವೆಯ ಕಣ್ಣು ಮಾತ್ರ ಇದ್ದಷ್ಟೇ ಇದೆ.

ರಸ್ತೆಯ ಮೈಮೇಲೆ ಬೀಳುವ ನೀರಿನ ಲೆಕ್ಕ ಬೇರೆ. 22 ಕಿ.ಮೀ. ಉದ್ದ, ಸರಾಸರಿ 40 ಮೀಟರ್ ಅಗಲ. ಒಂದು ತಾಸು 50 ಮಿ.ಮೀ. ಮಳೆಯಾದರೆ ರಸ್ತೆಯ ಮೇಲೇ 4 ಕೋಟಿ 40 ಲಕ್ಷ ಲೀಟರ್ ನೀರು ಬೀಳುತ್ತದೆ. ಹತ್ತು ಸಾವಿರ ಲೀಟರಿನ 4,400 ಟ್ಯಾಂಕರುಗಳು ತುಂಬುವಷ್ಟು. ಮೊದಲು ಈ ರಸ್ತೆಯ ಎರಡೂ ಬದಿಗೆ ಮಣ್ಣಿನ ಅಂಚು, ಮರ, ತೆರೆದ ಗಟಾರ ಇದ್ದವು. ಅಗಲ ಮಾಡುವಾಗ ಬಹಳ ಮರಗಳು ಹೋದವು, ಆಗ ಈ ಊರಿನ ಹಲವರು ಪ್ರತಿಭಟಿಸಿದ್ದನ್ನು ನೀವು ಬಲ್ಲಿರಿ. ಮರದ ಜೊತೆಗೆ ನೀರು ಇಂಗುವ ನೆಲವೂ ಹೋಯಿತು.

ಧಾರವಾಡದ ಟೋಲ್‌ನಾಕಾ ಇದಕ್ಕೆ ಸಾಕ್ಷಿ. ಸುತ್ತಣ ಎತ್ತರದ ಜಾಗಗಳಿಂದ ನೀರು ಅಲ್ಲಿಗೆ ಇಳಿದು ಬರುತ್ತದೆ. ಜೋರು ಮಳೆಯಾದಾಗ ನೀರಿನಲ್ಲಿ ನಿಂತ ವಾಹನಗಳ ಚಿತ್ರ ಎಷ್ಟೋ ಸಲ ಪತ್ರಿಕೆಗಳಲ್ಲಿ ಬಂದಿದೆ. ಬೈಕು ತಳ್ಳಿಕೊಂಡು ಹೋಗುವ ಹುಡುಗರು, ಅಂಗಡಿಯ ಬಾಗಿಲಿಗೆ ಮಣ್ಣಿನ ಚೀಲ ಒಟ್ಟುವ ವ್ಯಾಪಾರಿಗಳು ಎಲ್ಲರಿಗೂ ಪರಿಚಿತ ದೃಶ್ಯ. ಆಮೇಲೆ ಚರಂಡಿ ದೊಡ್ಡದು ಮಾಡುವ ಕೆಲಸಗಳೂ ನಡೆದಿವೆ. ಅಲ್ಲಿ ನೀರು ನಿಲ್ಲಲು ಏನೇನು ಕಾರಣ ಸೇರಿಕೊಳ್ಳುತ್ತದೆ ಎಂದು ತಿಳಿದರೆ ಮುಂದಿನ ಸಲ ಎಲ್ಲಿ ಕೈ ಹಾಕಬೇಕೆಂಬುದು ಗೊತ್ತಾಗುತ್ತದೆ.

ಯಾವ ರಸ್ತೆಯನ್ನೂ ಪೂರ್ತಿ ಸಪಾಟಾಗಿ ಮಾಡುವುದಿಲ್ಲ. ನಡು ಎತ್ತರ, ಅಂಚು ತಗ್ಗು. ಸಾಮಾನ್ಯವಾಗಿ ನೂರಕ್ಕೆ ಎರಡರಷ್ಟು ಇಳಿಜಾರು. 35 ಮೀಟರ್ ರಸ್ತೆಯ ನಡುವಿನಿಂದ ಅಂಚಿಗೆ ಹದಿನೇಳೂವರೆ ಮೀಟರ್, ಅಂದರೆ ನಡುವಿಗೂ ಅಂಚಿಗೂ 35 ಸೆಂ.ಮೀ. ವ್ಯತ್ಯಾಸ ಇರಬೇಕು. ನೀರು ಆ ಇಳಿಜಾರಿನಲ್ಲಿ ಅಂಚಿಗೆ ಬಂದು ಜಾಲರಿಯ ಮೂಲಕ ಚರಂಡಿಗೆ ಬೀಳಬೇಕು. ಬಿಆರ್‌ಟಿಎಸ್ ರಸ್ತೆಯಲ್ಲಿ ಬಸ್ಸಿನ ಪಥಕ್ಕೂ ಉಳಿದ ಪಥಕ್ಕೂ ನಡುವೆ ಉದ್ದಕ್ಕೂ ಕಾಂಕ್ರೀಟಿನ ತಡೆ ಇರುತ್ತದೆ. ಅದರಲ್ಲಿ ಅಲ್ಲಲ್ಲಿ ಕಂಡಿ ಬಿಡದಿದ್ದರೆ, ಬಿಟ್ಟ ಕಂಡಿಯಲ್ಲಿ ಹೂಳು ಕೂತರೆ, ಆ ತಡೆ ಹೊಲದ ಒಡ್ಡಿನಂತೆ ನೀರನ್ನು ಹಿಡಿದು ನಿಲ್ಲಿಸುತ್ತದೆ. ಮುಂದೆ ನೀರು ಅಡ್ಡಕ್ಕೆ ಹೋಗಲಾರದೆ ಉದ್ದಕ್ಕೆ ಹರಿಯುತ್ತದೆ. ಉದ್ದಕ್ಕೆ ಹರಿದ ನೀರು ಎಲ್ಲಿ ಸೇರುತ್ತದೆ? ಇಳಿತದ ತಳದಲ್ಲಿ. ನೂರು ಕಡೆ ಸ್ವಲ್ಪ ಸ್ವಲ್ಪ ಹೊರಹೋಗಬೇಕಿದ್ದ ನೀರು ಒಂದೇ ಕಡೆ ಕೂಡುತ್ತದೆ.

ಇನ್ನು ಚರಂಡಿಯ ಗಾತ್ರ. ಪೈಪಿನ ವ್ಯಾಸ ಇಮ್ಮಡಿಯಾದರೆ, ಇಳಿಜಾರು ಅಷ್ಟೇ ಇದ್ದರೂ, ಅದು ಒಯ್ಯುವ ನೀರು ಆರು ಪಟ್ಟಿಗೂ ಹೆಚ್ಚಾಗುತ್ತದೆ. ಆದ್ದರಿಂದ ಕಟ್ಟುವಾಗ ಸ್ವಲ್ಪ ಹೆಚ್ಚು ಹಣ ಹಾಕಿ ದೊಡ್ಡದು ಮಾಡಿದರೆ ಸಿಗುವ ಲಾಭ ಬಹಳ ದೊಡ್ಡದು. ಆಮೇಲೆ ಅಗೆದು ದೊಡ್ಡದು ಮಾಡುವುದಕ್ಕೆ ಹಲವು ಪಟ್ಟು ಖರ್ಚು. ರಸ್ತೆಯ ಬದಿಯ ಚರಂಡಿ ದೊಡ್ಡದಾದರೂ ಸಾಲದು. ಅದು ಹೋಗಿ ಬೀಳುವ ಹಳ್ಳ ಅದಕ್ಕಿಂತ ತಗ್ಗಿನಲ್ಲಿರಬೇಕು, ತೆರವಾಗಿರಬೇಕು. ಹಳ್ಳದಲ್ಲಿ ಕಟ್ಟಡದ ಕಸ, ಪ್ಲಾಸ್ಟಿಕ್, ಗೋಡೆಗಳು ತುಂಬಿಕೊಂಡಿದ್ದರೆ ಮೇಲಿನ ಚರಂಡಿಯಲ್ಲಿ ನೀರು ಹಿಂದಕ್ಕೆ ಒತ್ತಿ ಬರುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಗುಂಟ ಹಸಿರು ಪಥ ಮಾಡುವ ಕೆಲಸವನ್ನು ಸ್ಮಾರ್ಟ್ ಸಿಟಿಯವರು ಕೈಗೊಂಡದ್ದನ್ನು ನಾನು ಮೆಚ್ಚುತ್ತೇನೆ. ನಾಲೆಯನ್ನು ಊರಿನ ಹಿತ್ತಲಾಗಿ ಕಾಣದೆ ಊರಿನ ಬೆನ್ನೆಲುಬು ಎಂದು ಕಂಡದ್ದು ಅಲ್ಲಿನ ಒಳ್ಳೆಯ ವಿಚಾರ. ಅಂಥ ಕಣ್ಣು ಪಿ.ಬಿ. ರೋಡನ್ನು ಅಡ್ಡ ದಾಟುವ ಪ್ರತಿಯೊಂದು ಸರುವಿಗೂ ಬೇಕು.

ನೆಲದ ಮೇಲಿನ ನೀರಿಗಿಂತ ನೆಲದೊಳಗೆ ಹೊಕ್ಕ ನೀರು ರಸ್ತೆಗೆ ಹೆಚ್ಚು ಕೆಡುಕು. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆ. ನಮ್ಮ ರಸ್ತೆ ಈ ಎರಡರ ಹೊಲಿಗೆಯ ಮೇಲೆ ಸಾಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನಮ್ಮ ಭಾಗದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದರ ಮೇಲೆ ಹಾಸಿದ ಡಾಂಬರು ಮಣ್ಣಿನ ಜೊತೆಗೇ ಏರಿ ಇಳಿದು ಸೀಳುತ್ತದೆ. ಸೀಳಿನಲ್ಲಿ ನೀರು ಹೊಕ್ಕು ಖಡಿಗೂ ಡಾಂಬರಿಗೂ ಇರುವ ಹಿಡಿತ ಬಿಡಿಸುತ್ತದೆ, ಮೇಲೆ ಹಾಯ್ದ ಪ್ರತಿ ಗಾಲಿ ಆ ನೀರನ್ನು ಒತ್ತಿ ಚಿಮ್ಮಿಸುತ್ತದೆ. ಗುಂಡಿ ಬಿದ್ದದ್ದು ಮಳೆಯಿಂದ ಎನ್ನುತ್ತಾರೆ. ನೀರು ಹೊರಹೋಗಲು ದಾರಿ ಇಲ್ಲದ್ದರಿಂದ ಎಂದರೆ ಹೆಚ್ಚು ಸರಿ. ಎರೆ ಮಣ್ಣನ್ನು ಸಾಕಷ್ಟು ಆಳಕ್ಕೆ ತೆಗೆದು ಗರಸು ತುಂಬುವುದು, ಇಲ್ಲವೇ ಸುಣ್ಣ ಬೆರೆಸಿ ಅದರ ಉಬ್ಬುವ ಗುಣ ತಗ್ಗಿಸುವುದು, ತಳದಲ್ಲಿ ನೀರು ಬಸಿದು ಹೋಗುವ ಪದರ ಹಾಕಿ ಅದನ್ನು ಚರಂಡಿಯವರೆಗೆ ಮುಟ್ಟಿಸುವುದು: ಇವೆಲ್ಲ ಹಳೆಯ, ಪರೀಕ್ಷಿಸಿದ ಕ್ರಮಗಳು. ಮೇಲಿನಿಂದ ಯಾರಿಗೂ ಕಾಣುವುದಿಲ್ಲ ಎಂಬುದೇ ಇವುಗಳ ಕಷ್ಟ.

ಇನ್ನು ಮನುಷ್ಯರು. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ದ್ವಿಚಕ್ರದವರು ಮತ್ತು ನಡೆದು ಹೋಗುವವರು. ಲೋಹದ ಕವಚ ಇಲ್ಲದವರು ಅವರು. ರಸ್ತೆಯ ಸುರಕ್ಷತೆ ಎಂಬ ಮಾತನ್ನು ಅವರಿಂದಲೇ ಶುರು ಮಾಡಬೇಕು.

ಚಿಗರಿ ಹತ್ತುವ ಪ್ರತಿಯೊಬ್ಬರೂ ಹತ್ತುವ ಮೊದಲು ಅರ್ಧ ರಸ್ತೆ ದಾಟಬೇಕು, ಇಳಿದ ಮೇಲೆ ಮತ್ತೆ ಅರ್ಧ ದಾಟಬೇಕು. ನಿಲ್ದಾಣ ನಡುವೆ ಇಟ್ಟ ಮೇಲೆ ದಾಟುವ ಜಾಗವೇ ನಿಲ್ದಾಣದ ಬಾಗಿಲು ಎಂದು ತಿಳಿಯಬೇಕಿತ್ತು. ಒಂದು ಬದಿಯ ಎರಡು ಪಥ ಎಂದರೆ ಸುಮಾರು 7 ಮೀಟರ್. ಗಟ್ಟಿಮುಟ್ಟಾದವರು ಆರು ಸೆಕೆಂಡಿನಲ್ಲಿ ದಾಟುತ್ತಾರೆ. ಕೋಲೂರಿ ನಡೆಯುವವರಿಗೆ, ಮಗು ಎತ್ತಿಕೊಂಡ ತಾಯಿಗೆ ಒಂಬತ್ತು ಸೆಕೆಂಡಾದರೂ ಬೇಕು. ಆ ಒಂಬತ್ತು ಸೆಕೆಂಡಿನಲ್ಲಿ ತಾಸಿಗೆ 50 ಕಿ.ಮೀ. ವೇಗದ ವಾಹನ 125 ಮೀಟರ್ ಬಂದಿರುತ್ತದೆ. ವೇಗ 30ಕ್ಕೆ ಇಳಿದರೆ 75 ಮೀಟರ್. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಗಲವಾದ, ನುಣುಪಾದ, ನೇರ ರಸ್ತೆ ಕೊಟ್ಟು ಆಮೇಲೆ ನಿಧಾನ ಹೋಗಿ ಎಂದು ಫಲಕ ಹಾಕಿದರೆ ಯಾರೂ ಕೇಳುವುದಿಲ್ಲ. ದಾಟುವ ಜಾಗವನ್ನೇ ಫುಟ್‌ಪಾತಿನ ಎತ್ತರಕ್ಕೆ ಏರಿಸಿ, ಅಲ್ಲಿ ಪಥವನ್ನು ಕಿರಿದು ಮಾಡಿದರೆ ವಾಹನ ತಾನಾಗಿ ನಿಧಾನವಾಗುತ್ತದೆ. ಮೇಲ್ಸೇತುವೆ ಹತ್ತಿ ಇಳಿದು ದಾಟಿ ಎಂದು ಮುದುಕರಿಗೆ ಹೇಳುವುದನ್ನು ನಾನು ಒಪ್ಪಲಾರೆ. ಗಾಲಿಯ ಮೇಲೆ ಕುಳಿತವರು ಸಪಾಟು ನೆಲದಲ್ಲಿ ಹೋಗಲಿ, ಕಾಲಿನ ಮೇಲೆ ನಡೆಯುವವರು ಎರಡು ಅಂತಸ್ತು ಹತ್ತಲಿ ಎಂಬ ನಿಯಮ ನ್ಯಾಯವಾದದ್ದಲ್ಲ. ಹೀಗೆ ಏರಿಸಿದ ದಾಟುಜಾಗ ನೀರಿಗೆ ತಡೆಯಾಗದಂತೆ ಅದರ ಎರಡೂ ಅಂಚಿಗೆ ಜಾಲರಿ ಬೇಕು. ಈ ಕೆಲಸದಲ್ಲಿ ನೀರನ್ನೂ ಮನುಷ್ಯರನ್ನೂ ಬೇರೆ ಬೇರೆ ಕಡತದಲ್ಲಿ ಇಡಲು ಬರುವುದಿಲ್ಲ.

ಫುಟ್‌ಪಾತಿನ ಬಗ್ಗೆ ಒಂದೇ ಮಾತು. ಇಂಡಿಯನ್ ರೋಡ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಂತೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಯಾವ ಅಡ್ಡಿಯೂ ಇಲ್ಲದೆ ಸಿಗಬೇಕು, ಅಂಚಿನ ಕಲ್ಲು 15 ಸೆಂ.ಮೀ.ಗಿಂತ ಎತ್ತರ ಇರಬಾರದು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಳ್ಳೆಯ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ವಿದ್ಯುತ್ ಪೆಟ್ಟಿಗೆ, ನಿಲ್ಲಿಸಿದ ಬೈಕು, ತೆರೆದ ಚೇಂಬರು ದಾಟಿ ಹೋಗಬೇಕಾದ ಜಾಗ ಫುಟ್‌ಪಾತಲ್ಲ.

ಬೈಪಾಸಿನ ವಿಷಯ ಇಲ್ಲಿ ನೆನಪಾಗುತ್ತದೆ. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಬಳಿ ಟೆಂಪೊಗೂ ಟಿಪ್ಪರಿಗೂ ಡಿಕ್ಕಿಯಾಗಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರು ಸತ್ತರು. ಆ ದುಃಖ ಈ ಊರಿಗೆ ಇನ್ನೂ ಆರಿಲ್ಲ. ನಡುವೆ ವಿಭಜಕ ಇಲ್ಲದ ಎರಡು ಪಥದ ರಸ್ತೆಯಲ್ಲಿ ಎದುರುಬದುರು ಹೆದ್ದಾರಿಯ ವೇಗ ಬಿಟ್ಟರೆ ಏನಾಗುತ್ತದೆ ಎಂದು ಎಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು, ಪಾಠದಲ್ಲಿ ಓದಿಸುತ್ತೇವೆ. ಆಮೇಲೆ ಅಲ್ಲಿ ಅಗಲೀಕರಣದ ಕೆಲಸ ಶುರುವಾಯಿತು. ಗೊತ್ತಿದ್ದದ್ದನ್ನು ಮಾಡಲು ಅಷ್ಟು ಜೀವ ಹೋಗುವತನಕ ಕಾಯಬೇಕಾಗಿ ಬಂದದ್ದು ನನ್ನ ವೃತ್ತಿಯವರೆಲ್ಲರ ಎದೆಯ ಮೇಲಿನ ಭಾರ.

ಅಡ್ಡಕ್ಕೆ ದಾಟುವ ಮೂರನೆಯದು ಪೈಪು ಮತ್ತು ಕೇಬಲ್. ದಿನದ 24 ತಾಸೂ ನಳದಲ್ಲಿ ನೀರು ಕೊಡುವ ಪ್ರಯೋಗ 2008ರಲ್ಲಿ ನಮ್ಮ ಅವಳಿ ನಗರದ ಕೆಲವು ವಾರ್ಡುಗಳಲ್ಲಿ ಆದಾಗ ದೇಶವೇ ನೋಡಿತು. ಅದನ್ನು ಊರಿಗೆಲ್ಲ ಹಬ್ಬಿಸುವುದು ಆಗಲೇಬೇಕಾದ ಕೆಲಸ, ಅದಕ್ಕೆ ರಸ್ತೆ ಅಗೆಯಲೇಬೇಕು. ಅಗೆದ ತಗ್ಗಿಗೆ ಮಣ್ಣನ್ನು 15–20 ಸೆಂ.ಮೀ. ಪದರವಾಗಿ ಹಾಕಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡದಿದ್ದರೆ ಅದು ಮುಂದಿನ ಮಳೆಗೆ ಕುಸಿಯುತ್ತದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲವನ್ನೂ ಫುಟ್‌ಪಾತಿನ ಅಡಿಗೆ ತಂದು, ಚೇಂಬರು ತೆರೆದು ದುರಸ್ತಿ ಮಾಡುವ ಹಾಗೆ ಮಾಡಿದರು. ವಾಹನದ ಪಥಗಳ ಅಗಲವನ್ನು ಉದ್ದಕ್ಕೂ ಒಂದೇ ಸಮನಾಗಿಟ್ಟು, ಉಳಿದ ಜಾಗ ನಡೆಯುವವರಿಗೆ ಕೊಟ್ಟರು. ರಸ್ತೆ ಕಿರಿದಾಯಿತೆಂದು ಆಗ ಬಹಳ ಜನ ಬೈದರು. ನನಗೆ ಅದು ಸರಿಯಾದ ದಾರಿ ಎನಿಸುತ್ತದೆ. ಹಿಂದೆ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಹಿಂಬದಿಗೆ ಬಿಟ್ಟ ಸಣ್ಣ ಓಣಿಗಳ ಹಿಂದೆಯೂ ಇದೇ ವಿಚಾರವಿತ್ತು: ಊರಿನ ನಿರ್ಮಲೀಕರಣದ ಕೆಲಸಕ್ಕೆ ಮುಖ್ಯ ಬೀದಿಯನ್ನು ಬಳಸಬಾರದು.

ಈಗ ಮುಂದಿನ ಮಾತು. ಚಿಗರಿಯ ಜಾಗದಲ್ಲಿ ವಿದ್ಯುತ್ತಿನ ಹೊಸ ಸಾರಿಗೆ ತರುವ ವಿಚಾರ ಸರ್ಕಾರದ ಮಟ್ಟದಲ್ಲಿ ಚರ್ಚೆಯಾಗಿದೆ. ಅದು ಬರಲಿ ಬಿಡಲಿ, ಈ ರಸ್ತೆಯನ್ನು ಇಂದಲ್ಲ ನಾಳೆ ಮತ್ತೆ ಕಟ್ಟಲೇಬೇಕು. ಆಗ ಯಾವ ವಾಹನ ಎಂಬ ಚರ್ಚೆಗಿಂತ ಮೊದಲು ಮೂರು ನಕ್ಷೆ ನಮ್ಮ ಮುಂದೆ ಬರಬೇಕೆಂದು ಕೇಳಿರಿ. ಒಂದರಲ್ಲಿ 22 ಕಿ.ಮೀ.ಯಲ್ಲಿ ನೀರು ರಸ್ತೆಯನ್ನು ಎಲ್ಲೆಲ್ಲಿ ದಾಟುತ್ತದೆ, ಅಲ್ಲಿನ ಅಡಿಸೇತುವೆಯ ಕಣ್ಣು ಎಷ್ಟು, ಆ ನೀರು ಕೊನೆಗೆ ಯಾವ ಹಳ್ಳ ಸೇರುತ್ತದೆ ಎಂಬುದು ಇರಲಿ. ಇನ್ನೊಂದರಲ್ಲಿ ಜನ ನಿಜಕ್ಕೂ ದಾಟುವ ಜಾಗಗಳಿರಲಿ. ಜೀಬ್ರಾ ಪಟ್ಟಿ ಬಳಿದ ಜಾಗವಲ್ಲ, ಶಾಲೆ ಬಿಟ್ಟಾಗ, ಸಂತೆ ದಿನ, ಆಸ್ಪತ್ರೆಯ ಭೇಟಿಯ ಹೊತ್ತಿನಲ್ಲಿ ಕಾಲುಗಳು ಹುಡುಕಿಕೊಂಡ ಜಾಗ. ಮೂರನೆಯದರಲ್ಲಿ ನೆಲದೊಳಗಿನ ಪೈಪು, ಕೇಬಲ್.

ಗುತ್ತಿಗೆಯ ಕರಾರಿನಲ್ಲೂ ಒಂದು ಬದಲಾವಣೆ ಬೇಕು. ಪುಣೆಯ ಜಂಗ್ಲಿ ಮಹಾರಾಜ ರಸ್ತೆಯನ್ನು 1976ರಲ್ಲಿ ಹತ್ತು ವರ್ಷದ ಖಾತರಿಯ ಮೇಲೆ ಕಟ್ಟಿಸಿದರು. ಆ ಅವಧಿ ಮುಗಿದು ಎಷ್ಟೋ ಕಾಲವಾದರೂ ಅದು ಗುಂಡಿ ಬೀಳದ ರಸ್ತೆಯೆಂದು ಹೆಸರಾಗಿತ್ತು. ನಮ್ಮಲ್ಲೂ ಬಿಲ್ಲಿನ ಒಂದು ಭಾಗವನ್ನು ಹಿಡಿದಿಟ್ಟು ಎರಡು ಮಳೆಗಾಲ ಕಳೆದ ಮೇಲೆ ಕೊಡಲಿ. ತಪಾಸಣೆ ಮಳೆ ಹೊಡೆಯುತ್ತಿರುವಾಗಲೇ ಆಗಲಿ. ಒಣಗಿದ ರಸ್ತೆಯ ಮೇಲೆ ನಿಂತು ಚರಂಡಿಗೆ ಪ್ರಮಾಣಪತ್ರ ಬರೆಯುವುದು ಯಾರಿಗೂ ಉಪಯೋಗವಿಲ್ಲ.

ಮೂರರಲ್ಲಿ ಮೊದಲಿನ ಎರಡು ನಕ್ಷೆಗಳಿಗೆ ಸರ್ಕಾರದ ಆದೇಶ ಕಾಯಬೇಕಿಲ್ಲ. ಈ ಅವಳಿ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಕೃಷಿ ವಿಶ್ವವಿದ್ಯಾಲಯವಿದೆ, ಭೂಗೋಳ ಓದುವ ಮಕ್ಕಳಿದ್ದಾರೆ. ರಸ್ತೆಯ ಬದಿಗೆ ಅಂಗಡಿ ಇಟ್ಟವರಿಗೆ ಯಾವ ಮಳೆಗೆ ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ಗೋಡೆಯ ಕಲೆ ತೋರಿಸಿ ಹೇಳಲು ಬರುತ್ತದೆ. ಒಂದು ಲೆವೆಲ್ ಯಂತ್ರ, ಒಂದು ಅಳತೆಪಟ್ಟಿ, ಕೇಳುವ ತಾಳ್ಮೆ ಇದ್ದರೆ ಸಾಕು. ರೋಹಿಣಿ ಮಳೆಗೆ ಮುಂಚೆ ಟೋಲ್‌ನಾಕಾದಿಂದ ಶುರು ಮಾಡಿದರೆ, ಮಳೆಗಾಲ ಮುಗಿಯುವ ಹೊತ್ತಿಗೆ ನವಲೂರಿನವರೆಗಿನ ನಕ್ಷೆ ಸಿದ್ಧವಾಗುತ್ತದೆ. ಬರುವ ವಿದ್ಯಾರ್ಥಿಗಳ ಜೊತೆ ನಾನೂ ಬರುತ್ತೇನೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲೇ ವೇದಿಕೆಯ ಬಳಿ ಕೊಡಿ.